ಮಾತು ಬಿಟ್ಟ ಮಗು: ತಂದೆತಾಯಿಗಳಿಗೊಂದು ಪಾಠ



ಮಕ್ಕಳ ಸಂಖ್ಯೆಯನ್ನು ಮಿತಿಯಲ್ಲಿಡುವುದಷ್ಟೇ ಕುಟುಂಬ ಕಲ್ಯಾಣವಲ್ಲ. ಹುಟ್ಟಿದ ಮಗು ಕಾಲಕಾಲಕ್ಕೆ ಲಸಿಕೆ ಪಡೆದು, ಹೊಟ್ಟೆ ತುಂಬ ಉಂಡು, ಶಾಲೆ ಕಲಿತು, ದೇಹದಿಂದಲೂ ಮನಸ್ಸಿನಿಂದಲೂ ಆರೋಗ್ಯವಾಗಿ ಬೆಳೆದು ನಿಲ್ಲುವುದೇ ಅದರ ಪೂರ್ಣವಾದ ಅರ್ಥ. ಮಗುವಿನ ಮೈ ಬಿಸಿಯಾದರೆ ತಾಯಿಯ ಅಂಗೈಗೆ ಕೂಡಲೇ ತಿಳಿಯುತ್ತದೆ. ಆದರೆ ಮಗುವಿನ ಮನಸ್ಸು ನೊಂದರೆ ಅದನ್ನು ತಿಳಿಯುವ ಬಗೆ ಯಾವುದು? ಈ ಪಾಠದಲ್ಲಿ ನಾವು ವಿಚಾರ ಮಾಡಬೇಕಾಗಿರುವುದು ಇದನ್ನೇ.

ನಮ್ಮ ಮನೆಗಳಲ್ಲಿ ಹೆಣ್ಣುಮಗು ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಬಂದು ಮಾತು ಕಡಿಮೆ ಮಾಡಿದರೆ ಹಿರಿಯರು ಸಂತೋಷಪಡುವುದುಂಟು. "ಈಗ ದೊಡ್ಡವಳಾದಳು, ಗಾಂಭೀರ್ಯ ಬಂತು" ಎನ್ನುತ್ತಾರೆ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯೂ ನಮ್ಮಲ್ಲಿದೆ. ಮೌನವೆಲ್ಲವೂ ಬಂಗಾರವಲ್ಲ. ಕೆಲವು ಮೌನಗಳು ಒಳಗೆ ಕೀವು ತುಂಬಿ ಮೇಲೆ ಮುಚ್ಚಿಕೊಂಡ ಹುಣ್ಣಿನಂತಿರುತ್ತವೆ. ಹೊರಗಿನಿಂದ ನೋಡಿದವರಿಗೆ ಚರ್ಮ ಮಾತ್ರ ಕಾಣುತ್ತದೆ.

೧. ಹದಿಹರೆಯ ಮತ್ತು ನಾಚಿಕೆ

ಹತ್ತರಿಂದ ಹತ್ತೊಂಬತ್ತು ವರ್ಷಗಳವರೆಗಿನ ಅವಧಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಹದಿಹರೆಯವೆಂದು ಗುರುತಿಸಿದೆ. ಈ ಅವಧಿಯಲ್ಲಿ ಶರೀರವು ವೇಗವಾಗಿ ಬೆಳೆಯುತ್ತದೆ. ಹುಡುಗಿಯರು ಋತುಮತಿಯರಾಗುತ್ತಾರೆ, ಹುಡುಗರಿಗೆ ಧ್ವನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ಭಾವನೆ ಮೂಡುತ್ತದೆ. ಆದುದರಿಂದ ಈ ವಯಸ್ಸಿನಲ್ಲಿ ಸ್ವಲ್ಪ ನಾಚಿಕೆ, ಸ್ವಲ್ಪ ಸಿಡುಕು, ಒಬ್ಬರೇ ಇರಬೇಕೆಂಬ ಇಚ್ಛೆ ಇವೆಲ್ಲವೂ ಸಹಜವಾದವು. ಅಲ್ಲದೆ ಕೆಲವು ಮಕ್ಕಳು ಹುಟ್ಟಿನಿಂದಲೇ ಸಂಕೋಚ ಸ್ವಭಾವದವರು. ಅವರನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ "ಮೂಕನಂತೆ ನಿಂತಿದ್ದೀಯಲ್ಲ" ಎಂದು ಹೀಯಾಳಿಸಿದರೆ ಸಂಕೋಚವು ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಆದರೆ ಹುಟ್ಟಿನಿಂದ ಇರುವ ನಾಚಿಕೆ ಬೇರೆ, ನಡುವೆ ಬಂದು ಸೇರಿದ ಮೌನ ಬೇರೆ. ಈ ಎರಡರ ಅಂತರವನ್ನು ಅರಿಯದೆ ತಂದೆತಾಯಿಗಳು ಹೇಗೆ ಮೋಸಹೋಗುತ್ತಾರೆಂಬುದನ್ನು ಒಂದು ಕಾದಂಬರಿಯು ಬಹಳ ಚೆನ್ನಾಗಿ ತೋರಿಸುತ್ತದೆ. ಅದು ದೂರದ ಅಮೆರಿಕ ದೇಶದ ಕಥೆ. ಅಲ್ಲಿಯ ಮನೆ, ಶಾಲೆ, ಊಟ, ಉಡುಪು ಎಲ್ಲವೂ ನಮಗಿಂತ ಬೇರೆ. ಆದರೂ ಅದನ್ನು ಇಲ್ಲಿ ಹೇಳಲು ಕಾರಣವಿದೆ.

೨. ಮೆಲಿಂಡಾಳ ಕಥೆ

ಕಾದಂಬರಿಯ ಹೆಸರು 'ಸ್ಪೀಕ್', ಅಂದರೆ 'ಮಾತಾಡು'. ಬರೆದವರು ಲಾರಿ ಹಾಲ್ಸ್ ಆಂಡರ್ಸನ್ ಎಂಬ ಲೇಖಕಿ. ಹದಿಹರೆಯದವರು ಓದಲೆಂದು ಬರೆದ ಈ ಪುಸ್ತಕ 1999ರಲ್ಲಿ ಪ್ರಕಟವಾಯಿತು. 2004ರಲ್ಲಿ ಇದು ಚಲನಚಿತ್ರವೂ ಆಯಿತು.

ಮೆಲಿಂಡಾ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದ ಹುಡುಗಿ. ಒಂಬತ್ತನೆಯ ತರಗತಿಗೆ ಸೇರುತ್ತಾಳೆ. ಮೊದಲ ದಿನವೇ ಅವಳ ಪಕ್ಕದಲ್ಲಿ ಕೂರಲು ಯಾರೂ ಇಲ್ಲ. ಹಳೆಯ ಗೆಳತಿಯರು ಮುಖ ತಿರುಗಿಸುತ್ತಾರೆ. ಕಾರಣವಿಷ್ಟು: ಬೇಸಿಗೆ ರಜೆಯಲ್ಲಿ ನಡೆದ ಒಂದು ಕೂಟದಿಂದ ಅವಳು ಪೊಲೀಸರಿಗೆ ದೂರವಾಣಿ ಕರೆ ಮಾಡಿದ್ದಳು. ಪೊಲೀಸರು ಬಂದರು, ಕೂಟ ಚದುರಿತು, ಕೆಲವರು ಸಿಕ್ಕಿಬಿದ್ದರು. ಅವಳು ಏಕೆ ಕರೆ ಮಾಡಿದಳೆಂದು ಮಾತ್ರ ಯಾರೂ ಕೇಳಲಿಲ್ಲ.

ಆ ರಾತ್ರಿ ಮೇಲಿನ ತರಗತಿಯ ವಿದ್ಯಾರ್ಥಿಯೊಬ್ಬ ಅವಳ ಮೇಲೆ ಅತ್ಯಾಚಾರ ಮಾಡಿದ್ದನು. ಕರೆ ಮಾಡಿದಾಗ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಮನೆಗೆ ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಆ ಕೂಟದಲ್ಲಿ ಮದ್ಯ ಕುಡಿದಿದ್ದಳು. ತನ್ನದೂ ತಪ್ಪಿರಬಹುದೆಂಬ ಭಾವನೆ ಅವಳ ಗಂಟಲನ್ನು ಇನ್ನಷ್ಟು ಬಿಗಿಯಿತು. ಆ ಹುಡುಗನೋ ಅದೇ ಶಾಲೆಯಲ್ಲಿ ತಲೆಯೆತ್ತಿ ತಿರುಗುತ್ತಾನೆ. ಅವಳು ಗೋಡೆಯ ಮಗ್ಗುಲಲ್ಲಿ ನಡೆಯುತ್ತಾಳೆ.

ವರ್ಷವೆಲ್ಲ ಅವಳು ಬರಬರುತ್ತ ಮಾತು ಬಿಡುತ್ತಾಳೆ. ತುಟಿಗಳನ್ನು ಕಚ್ಚಿ ಕಚ್ಚಿ ಹುಣ್ಣು ಮಾಡಿಕೊಳ್ಳುತ್ತಾಳೆ. ಶಾಲೆಯಲ್ಲಿ ಯಾರೂ ಬಳಸದ ಒಂದು ಸಣ್ಣ ಉಗ್ರಾಣದ ಕೋಣೆಯನ್ನು ಕಂಡುಹಿಡಿದು ಅಲ್ಲಿ ಅಡಗುತ್ತಾಳೆ. ತರಗತಿಗಳನ್ನು ತಪ್ಪಿಸುತ್ತಾಳೆ. ಅಂಕಗಳು ಇಳಿಯುತ್ತವೆ. ಇವೆಲ್ಲವೂ ಎಲ್ಲರ ಕಣ್ಣಿಗೂ ಬಿದ್ದವು. ಆದರೂ ಯಾರಿಗೂ ಅರ್ಥವಾಗಲಿಲ್ಲ.

ಒಬ್ಬ ಚಿತ್ರಕಲೆಯ ಉಪಾಧ್ಯಾಯರು ಮಾತ್ರ ಅವಳಿಗೆ ಆಸರೆಯಾದರು. ಅವರ ತರಗತಿಯಲ್ಲಿ ಪ್ರತಿಯೊಬ್ಬರೂ ಒಂದು ಚೀಟಿ ಎತ್ತಬೇಕು. ಅದರಲ್ಲಿ ಬಂದ ವಸ್ತುವನ್ನೇ ವರ್ಷವಿಡೀ ಚಿತ್ರಿಸಬೇಕು. ಮೆಲಿಂಡಾಳಿಗೆ ಬಂದದ್ದು 'ಮರ'. ಅವಳು ಬರೆದ ಮರಗಳು ಮೊದಮೊದಲು ಜೀವವಿಲ್ಲದವು. ಉಪಾಧ್ಯಾಯರು ಅವಳನ್ನು ಬೈಯಲಿಲ್ಲ, ಕೆದಕಿ ಕೇಳಲಿಲ್ಲ. ಮತ್ತೆ ಬರೆಯೆಂದು ಹುರಿದುಂಬಿಸಿದರು. ವರ್ಷದ ಕೊನೆಯಲ್ಲಿ ಆ ಹುಡುಗ ಅದೇ ಉಗ್ರಾಣದಲ್ಲಿ ಮತ್ತೆ ಅವಳ ಮೇಲೆರಗಿದಾಗ ಅವಳು ಗಂಟಲೊಡೆದು ಕೂಗುತ್ತಾಳೆ. ಇತರ ಹುಡುಗಿಯರು ಓಡಿ ಬರುತ್ತಾರೆ. ಆಮೇಲೆ ಅವಳ ಮರಕ್ಕೆ ಜೀವ ಬರುತ್ತದೆ. ಉಪಾಧ್ಯಾಯರ ಎದುರಿನಲ್ಲಿ ಅವಳು ನಡೆದುದನ್ನು ಹೇಳಲು ಬಾಯಿ ತೆರೆಯುವಲ್ಲಿಗೆ ಕಥೆ ಮುಗಿಯುತ್ತದೆ.

ಇದು ಬರಿಯ ಕಲ್ಪನೆಯಲ್ಲ. ತಮ್ಮ ಹದಿಮೂರನೆಯ ವಯಸ್ಸಿನಲ್ಲಿ ತಮಗೂ ಅತ್ಯಾಚಾರವಾಗಿತ್ತೆಂದೂ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅದನ್ನು ಹೇಳಲಾಗಲಿಲ್ಲವೆಂದೂ ಲೇಖಕಿಯೇ ತಿಳಿಸಿದ್ದಾರೆ. 2019ರಲ್ಲಿ 'ಶೌಟ್' ಎಂಬ ಆತ್ಮಕಥನದಲ್ಲಿ ಅದನ್ನು ಬರೆದರು.

೩. ಆ ತಂದೆತಾಯಿಗಳು ಎಡವಿದ್ದು ಎಲ್ಲಿ?

ಮೆಲಿಂಡಾಳ ತಂದೆತಾಯಿಗಳು ದುಷ್ಟರಲ್ಲ. ಇಬ್ಬರೂ ದುಡಿಯುವವರು. ತಾಯಿ ಒಂದು ಬಟ್ಟೆಯ ಅಂಗಡಿಯ ವ್ಯವಸ್ಥಾಪಕಿ. ಮನೆಯಲ್ಲಿ ಒಬ್ಬರಿಗೊಬ್ಬರು ಸಿಕ್ಕುವುದೇ ಅಪರೂಪ. ಅಡಿಗೆಮನೆಯ ಕಟ್ಟೆಯ ಮೇಲೆ ಚೀಟಿ ಬರೆದಿಟ್ಟು ಮಾತು ಮುಗಿಸುತ್ತಾರೆ. ನಮ್ಮಲ್ಲಿ ಚೀಟಿಯ ಪದ್ಧತಿ ಇಲ್ಲದಿರಬಹುದು. ಆದರೆ ಬೆಳಗಾಗುವ ಮೊದಲೇ ಹೊಲಕ್ಕೋ ಕೂಲಿಗೋ ಹೋಗಿ ಕತ್ತಲಾದ ಮೇಲೆ ಬರುವ ತಂದೆತಾಯಿಗಳು "ಉಂಡೆಯಾ? ದನಕ್ಕೆ ನೀರು ಕುಡಿಸಿದೆಯಾ? ಓದಿಕೊಂಡೆಯಾ?" ಎಂಬ ಮೂರು ಪ್ರಶ್ನೆಗಳಲ್ಲಿ ದಿನವನ್ನು ಮುಗಿಸುವುದಿಲ್ಲವೇ? ಇವು ಕೆಲಸದ ಪ್ರಶ್ನೆಗಳು. ಮನಸ್ಸನ್ನು ಮುಟ್ಟುವ ಪ್ರಶ್ನೆಗಳಲ್ಲ.

ಅಂಕಗಳು ಇಳಿದಾಗ ಅವರು ಗದರಿಸಿದರು. ಶಾಲೆಯವರು ಕರೆಸಿದಾಗ ಮುಖ್ಯೋಪಾಧ್ಯಾಯರೂ ತಂದೆತಾಯಿಗಳೂ ಹುಡುಗಿಯ ಮೌನ ಯಾರ ತಪ್ಪಿನಿಂದ ಎಂದು ವಾದಿಸಿದರು. ಹುಡುಗಿ ಅಲ್ಲಿಯೇ ಕುಳಿತಿದ್ದಳು. ಕೊನೆಗೆ ಶಿಕ್ಷೆ ದೊರೆತದ್ದು ಅವಳಿಗೇ.

ಕಥೆಯ ಒಂದು ಸಂದರ್ಭವನ್ನು ವಿಶೇಷವಾಗಿ ಗಮನಿಸಿರಿ. ಕ್ರಿಸ್‌ಮಸ್ ಹಬ್ಬದಂದು ತಂದೆತಾಯಿಗಳು ಅವಳಿಗೆ ಚಿತ್ರ ಬರೆಯುವ ಪುಸ್ತಕವನ್ನೂ ಇದ್ದಿಲ ಕಡ್ಡಿಗಳನ್ನೂ ಕೊಡುತ್ತಾರೆ. ತಾನು ಚಿತ್ರ ಬರೆಯಲು ಪ್ರಯತ್ನಿಸುತ್ತಿರುವುದನ್ನು ಇವರು ನೋಡಿದ್ದಾರೆಂದು ತಿಳಿದು ಅವಳ ಕಣ್ಣು ತುಂಬುತ್ತದೆ. ಎಲ್ಲವನ್ನೂ ಹೇಳಿಬಿಡಬೇಕೆನಿಸುತ್ತದೆ. ಆದರೆ ಎಲ್ಲಿಂದ ಪ್ರಾರಂಭಿಸಬೇಕೆಂದು ತಿಳಿಯುವುದಿಲ್ಲ. ಆ ಕ್ಷಣ ಕಳೆದುಹೋಗುತ್ತದೆ.

ಒಂದು ಪುಸ್ತಕ, ಒಂದಿಷ್ಟು ಇದ್ದಿಲ ಕಡ್ಡಿ. ಇಷ್ಟಕ್ಕೇ ಮಗುವಿನ ಮನಸ್ಸು ಬಾಗಿಲವರೆಗೆ ಬಂದಿತ್ತು. ಆಗ ತಾಯಿಯು ಪಕ್ಕದಲ್ಲಿ ಕುಳಿತು, "ಏನಮ್ಮಾ, ಏಕೆ ಕಣ್ಣೀರು? ನಿಧಾನವಾಗಿ ಹೇಳು, ನಾನಿಲ್ಲಿಯೇ ಇದ್ದೇನೆ" ಎಂದಿದ್ದರೆ ಬಾಗಿಲು ತೆರೆಯುತ್ತಿತ್ತೋ ಏನೋ! ಇಂಥ ಕ್ಷಣಗಳು ಪ್ರತಿಯೊಂದು ಮನೆಯಲ್ಲಿಯೂ ಬರುತ್ತವೆ. ಬಂದಾಗ ಅವನ್ನು ಗುರುತಿಸಬೇಕು.

೪. ನಾಚಿಕೆಯೋ, ನೋವೋ?

ನಿಮ್ಮ ಮಗ ಅಥವಾ ಮಗಳಲ್ಲಿ ಕೆಳಗಿನ ಬದಲಾವಣೆಗಳು ಕಂಡು ಎರಡು ವಾರಗಳಾದರೂ ಹೋಗದಿದ್ದರೆ ಅದನ್ನು ವಯಸ್ಸಿನ ಸ್ವಭಾವವೆಂದು ತಳ್ಳಿಹಾಕಬಾರದು:

(ಅ) ಮೊದಲು ಕಲಕಲ ಮಾತಾಡುತ್ತಿದ್ದ ಮಗು ಒಮ್ಮೆಲೇ ಮೌನವಾಗುವುದು; ಗೆಳೆಯರನ್ನೂ ಆಟವನ್ನೂ ಬಿಡುವುದು.
(ಆ) ನಿದ್ರೆ ಬಾರದಿರುವುದು, ಬೆಚ್ಚಿ ಏಳುವುದು ಅಥವಾ ಹಗಲೆಲ್ಲ ಮಲಗುವುದು, ಅನ್ನ ಸೇರದಿರುವುದು.
(ಇ) ಶಾಲೆಗೆ ಹೋಗಲು ಒಲ್ಲೆನೆನ್ನುವುದು. ಓದಿನಲ್ಲಿ ಹಿಂದೆ ಬೀಳುವುದು.
(ಈ) ಕಾರಣವಿಲ್ಲದೆ ಪದೇಪದೇ ತಲೆನೋವು, ಹೊಟ್ಟೆನೋವು ಎನ್ನುವುದು.
(ಉ) ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನೋ ಒಂದು ಮನೆಯನ್ನೋ ಒಂದು ದಾರಿಯನ್ನೋ ಕಂಡು ಹೆದರುವುದು.
(ಊ) ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು. "ನಾನಿದ್ದು ಏನು ಪ್ರಯೋಜನ" ಎಂಬ ಮಾತಾಡುವುದು.

ಇವುಗಳಿಗೆಲ್ಲ ಒಂದೇ ಕಾರಣವಿರುವುದಿಲ್ಲ. ಶಾಲೆಯಲ್ಲಿ ಬಣ್ಣ, ಜಾತಿ ಅಥವಾ ತೊದಲನ್ನು ಕುರಿತ ಹಾಸ್ಯ, ಪರೀಕ್ಷೆಯ ಭಯ, ಪ್ರೀತಿಪಾತ್ರರ ಸಾವು, ಮನೆಯಲ್ಲಿ ತಂದೆಯ ಕುಡಿತ, ದಂಪತಿಗಳ ಜಗಳ ಇವೂ ಮಗುವಿನ ಬಾಯಿ ಕಟ್ಟುತ್ತವೆ. ರಕ್ತಹೀನತೆ, ಕಿವಿ ಮಂದವಾಗುವುದು ಮುಂತಾದ ದೇಹದ ಕಾರಣಗಳೂ ಇರುತ್ತವೆ. ಆದುದರಿಂದ ಮೊದಲೇ ಒಂದು ತೀರ್ಮಾನಕ್ಕೆ ಬರಬಾರದು, ವೈದ್ಯರಿಗೆ ತೋರಿಸಬೇಕು. ದೃಷ್ಟಿ ತಾಗಿತೆಂದೋ ಗಾಳಿ ಸೋಕಿತೆಂದೋ ತಿಂಗಳುಗಟ್ಟಲೆ ಕಾಲ ಕಳೆಯುವುದು ಅಪಾಯಕರ.

ಕೊನೆಯ ಲಕ್ಷಣ ಕಂಡುಬಂದರೆ ತಡಮಾಡಬೇಡಿರಿ. ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ಹೊಲಕ್ಕೆ ಸಿಂಪಡಿಸುವ ಕ್ರಿಮಿನಾಶಕವನ್ನು ಬೀಗಹಾಕಿ ಇಡಿರಿ. ಸಾಧ್ಯವಾದರೆ ಮನೆಯಲ್ಲಿಯೇ ಇಡಬೇಡಿರಿ.

೫. ಮಾತಿಗೆ ಎಡೆಮಾಡುವ ಬಗೆ

ಬಾಯಿ ಬಿಡಿಸಲು ಹೋಗಿ ಬೆದರಿಸಿದರೆ ಮಗು ಇನ್ನಷ್ಟು ಒಳಸರಿಯುತ್ತದೆ. ಎದುರುಬದುರು ಕೂರಿಸಿ ವಿಚಾರಣೆ ಮಾಡುವುದಕ್ಕಿಂತ ಜೊತೆಯಲ್ಲಿ ಕೆಲಸ ಮಾಡುತ್ತ ಮಾತಾಡುವುದು ಸುಲಭ. ಅವರೆಕಾಯಿ ಸುಲಿಯುವಾಗ, ಸಂತೆಗೆ ನಡೆಯುವಾಗ, ದನ ಮೇಯಿಸುವಾಗ ಮಕ್ಕಳು ತಾವಾಗಿಯೇ ಬಾಯಿ ಬಿಡುವುದುಂಟು. ತಂದೆಯಾದವನೂ ದಿನಕ್ಕೆ ಸ್ವಲ್ಪ ಹೊತ್ತನ್ನು ಇದಕ್ಕಾಗಿ ಮೀಸಲಿಡಬೇಕು. ಮಗಳೊಂದಿಗೆ ಮಾತಾಡುವುದು ತಾಯಿಯ ಕೆಲಸವೆಂದು ದೂರ ಸರಿಯಬಾರದು. ಮಗು ಹೇಳದಿದ್ದರೆ, "ಇಂದು ಬೇಡವಾದರೆ ಬೇಡ. ನಿನಗೆ ಹೇಳಬೇಕೆನಿಸಿದಾಗ ಹೇಳು. ನೀನು ಏನು ಹೇಳಿದರೂ ನಾವು ನಿನ್ನನ್ನು ಬೈಯುವುದಿಲ್ಲ" ಎನ್ನಿರಿ. ಆ ಮಾತನ್ನು ಉಳಿಸಿಕೊಳ್ಳಿರಿ.

ಮೆಲಿಂಡಾಳ ತಂದೆಯು ಒಮ್ಮೆ ಮನೆಯ ಮುಂದಿನ ಮರದ ರೋಗ ಹತ್ತಿದ ಕೊಂಬೆಗಳನ್ನು ಕಡಿಸುತ್ತಾನೆ. ಕೆಟ್ಟ ಭಾಗವನ್ನು ತೆಗೆದರೆ ಮರ ಮತ್ತೆ ಬೆಳೆಯುವುದೆಂದು ಅವನಿಗೆ ಗೊತ್ತಿದೆ. ತನ್ನ ಮಗಳಿಗೂ ಅಂಥದೇ ಆರೈಕೆ ಬೇಕಾಗಿದೆಯೆಂದು ಮಾತ್ರ ಅವನಿಗೆ ತಿಳಿದಿಲ್ಲ. ತೆಂಗು, ಮಾವು, ದಾಳಿಂಬೆಗಳ ರೋಗವನ್ನು ಎಲೆ ನೋಡಿಯೇ ಹೇಳಬಲ್ಲ ರೈತ ಬಾಂಧವರು ಈ ಮಾತನ್ನು ಮನಸ್ಸಿನಲ್ಲಿಡಬೇಕು.

೬. ಮಗು ಬಾಯಿ ಬಿಟ್ಟಾಗ

ಮೆಲಿಂಡಾ ತನ್ನ ಹಳೆಯ ಗೆಳತಿಗೆ ಗ್ರಂಥಾಲಯದಲ್ಲಿ ಕಾಗದದ ಮೇಲೆ ಬರೆದು ಸತ್ಯವನ್ನು ತಿಳಿಸುತ್ತಾಳೆ. ಆ ಗೆಳತಿ ನಂಬುವುದಿಲ್ಲ. ಅಸೂಯೆಯಿಂದ ಸುಳ್ಳು ಹೇಳುತ್ತಿರುವಳೆಂದು ಜರೆಯುತ್ತಾಳೆ. ಮೊದಲ ಸಲ ಹೇಳಿದಾಗ ನಂಬದಿದ್ದರೆ ಎರಡನೆಯ ಸಲ ಹೇಳುವ ಧೈರ್ಯ ಎಲ್ಲ ಮಕ್ಕಳಿಗೂ ಬರುವುದಿಲ್ಲ. ಆದುದರಿಂದ ನಿಮ್ಮ ಮಗು ಇಂಥ ಸಂಗತಿಯನ್ನು ಹೇಳಿದರೆ ನೀವು ಆಡಬೇಕಾದ ಮೊದಲ ಮಾತು: "ನಾನು ನಿನ್ನನ್ನು ನಂಬುತ್ತೇನೆ. ಇದರಲ್ಲಿ ನಿನ್ನ ತಪ್ಪಿಲ್ಲ."

"ಅಲ್ಲಿಗೆ ಏಕೆ ಹೋದೆ? ಆ ಬಟ್ಟೆ ಏಕೆ ಹಾಕಿದೆ? ಆಗಲೇ ಏಕೆ ಹೇಳಲಿಲ್ಲ?" ಎಂಬ ಪ್ರಶ್ನೆಗಳು ಬೇಡ. ಇಂಥ ಕೃತ್ಯ ಎಸಗುವವರು ಬಹುಮಟ್ಟಿಗೆ ಅಪರಿಚಿತರಲ್ಲ. ನೆಂಟರು, ನೆರೆಯವರು, ಮನೆಗೆ ಬಂದುಹೋಗುವ ಪರಿಚಿತರೇ ಆಗಿರುತ್ತಾರೆ. ಗಂಡುಮಕ್ಕಳ ಮೇಲೂ ಇಂಥ ದೌರ್ಜನ್ಯ ನಡೆಯುತ್ತದೆ. ಅವರು ಹೇಳಿಕೊಳ್ಳುವುದು ಇನ್ನೂ ಕಷ್ಟ.

2012ರಲ್ಲಿ ಜಾರಿಗೆ ಬಂದ ಪೋಕ್ಸೋ ಕಾಯಿದೆಯು 18 ವರ್ಷದೊಳಗಿನ ಎಲ್ಲ ಗಂಡು ಹೆಣ್ಣು ಮಕ್ಕಳಿಗೂ ರಕ್ಷಣೆ ನೀಡುತ್ತದೆ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ ಅಥವಾ ಮಗು ಬಯಸಿದ ಸ್ಥಳದಲ್ಲಿ ಪಡೆಯಬೇಕು; ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಬಾರದು. ಹೆಣ್ಣುಮಗುವಿನ ವೈದ್ಯಕೀಯ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು. ತಂದೆತಾಯಿ ಅಥವಾ ಮಗುವಿಗೆ ನಂಬಿಕೆಯಿರುವವರು ಜೊತೆಯಲ್ಲಿರಬೇಕು. ಮಗುವಿನ ಹೆಸರು, ಊರು, ಭಾವಚಿತ್ರಗಳನ್ನು ಪತ್ರಿಕೆಯಲ್ಲಿ ಪ್ರಕಟಿಸುವಂತಿಲ್ಲ. ಮಾನ ಹೋಗುವುದೆಂದು ಹೆದರುವವರು ಇದನ್ನು ತಿಳಿದಿರಬೇಕು.

ಚಿಕಿತ್ಸೆಯ ವಿಷಯದಲ್ಲಿ ಸಮಯ ಬಹು ಮುಖ್ಯ. ಆದಷ್ಟು ಬೇಗ, 72 ಗಂಟೆಗಳೊಳಗೆ ಆಸ್ಪತ್ರೆಗೆ ಹೋದರೆ ಗರ್ಭ ನಿಲ್ಲದಂತೆಯೂ ಎಚ್.ಐ.ವಿ. ಸೋಂಕು ತಗಲದಂತೆಯೂ ಔಷಧಿ ಕೊಡಲು ಅವಕಾಶವಿದೆ. ಅಂದಿನ ಬಟ್ಟೆಗಳನ್ನು ಒಗೆಯದೆ ತೆಗೆದಿರಿಸಿ ಕೊಂಡೊಯ್ಯಿರಿ. ಸರಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆಯು ಈ ಚಿಕಿತ್ಸೆಯನ್ನು ಉಚಿತವಾಗಿ ನೀಡಲೇಬೇಕು. ಗರ್ಭ ನಿಂತಿದ್ದರೆ, 2021ರಲ್ಲಿ ತಿದ್ದುಪಡಿಯಾದ ಕಾಯಿದೆಯಂತೆ 24 ವಾರಗಳವರೆಗೆ ವೈದ್ಯರಿಂದ ಗರ್ಭಪಾತ ಮಾಡಿಸಲು ಅವಕಾಶವಿದೆ. ನಾಟಿ ಮದ್ದಿಗೆ ಮೊರೆಹೋಗಬಾರದು. ತಿಂಗಳುಗಳೇ ಕಳೆದಿದ್ದರೂ ದೂರು ಕೊಡುವ ಹಕ್ಕು ಹೋಗುವುದಿಲ್ಲ, ಚಿಕಿತ್ಸೆಯೂ ನಿಷ್ಪ್ರಯೋಜಕವಲ್ಲ.

೭. ಮದುವೆ ಮದ್ದಲ್ಲ

"ಹುಡುಗಿ ಮಂಕಾಗಿದ್ದಾಳೆ, ಮದುವೆ ಮಾಡಿದರೆ ಸರಿಹೋಗುತ್ತಾಳೆ" ಎಂಬ ಸಲಹೆಯನ್ನು ಕೊಡುವ ಹಿರಿಯರು ಇದ್ದಾರೆ. ತಪ್ಪು ಮಾಡಿದವನಿಗೇ ಕೊಟ್ಟು ಮದುವೆ ಮಾಡಿ 'ರಾಜಿ' ಮಾಡಿಸುವವರೂ ಇದ್ದಾರೆ. ಇದು ಹುಣ್ಣಿನ ಮೇಲೆ ಬರೆ ಎಳೆದಂತೆ. ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬುವ ಮೊದಲು ನಡೆಯುವ ಮದುವೆ ಬಾಲ್ಯವಿವಾಹ. ಕರ್ನಾಟಕದಲ್ಲಿ 2016ರ ತಿದ್ದುಪಡಿಯ ಅನ್ವಯ ಅಂಥ ಮದುವೆಯು ಮೊದಲಿನಿಂದಲೇ ಅಸಿಂಧು. ನೊಂದ ಮಗುವಿಗೆ ಬೇಕಾದದ್ದು ಗಂಡನ ಮನೆಯಲ್ಲ. ತನ್ನ ಮನೆಯ ಆಸರೆ, ಶಾಲೆ ಮತ್ತು ಚಿಕಿತ್ಸೆ.

೮. ಸಹಾಯ ದೊರೆಯುವ ಸ್ಥಳಗಳು

ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನಾಗಲಿ ಮೊದಲು ಕಾಣಿರಿ. ಹದಿಹರೆಯದವರಿಗಾಗಿಯೇ ನಡೆಸುವ ಸ್ನೇಹಾ ಕ್ಲಿನಿಕ್‌ಗಳ ವಿವರವನ್ನು ಅಲ್ಲಿ ಕೇಳಿರಿ. ಅಲ್ಲಿ ಆಪ್ತ ಸಲಹೆ ದೊರೆಯುತ್ತದೆ. ಮನಸ್ಸಿನ ತೊಂದರೆಗೆ 14416 ಸಂಖ್ಯೆಯ ಟೆಲಿ ಮಾನಸ್ ಸೇವೆ ಹಗಲು ರಾತ್ರಿ ಲಭ್ಯವಿದೆ. 2022ರಲ್ಲಿ ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲಿಯೂ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ತುರ್ತು ಪೊಲೀಸ್ ನೆರವಿಗೆ 112. ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ಚಿಕಿತ್ಸೆ, ಕಾನೂನು ನೆರವು, ಆಶ್ರಯಗಳು ಒಂದೇ ಕಡೆ ದೊರೆಯುವಂತೆ ಜಿಲ್ಲೆಗಳಲ್ಲಿ ಸಖಿ ಕೇಂದ್ರಗಳಿವೆ.

ನೆನಪಿಡಿರಿ

• ಸ್ವಭಾವದ ನಾಚಿಕೆ ರೋಗವಲ್ಲ. ಒಮ್ಮೆಲೇ ಬಂದ ಮೌನಕ್ಕೆ ಕಾರಣವಿರುತ್ತದೆ.
• ಅಂಕ ಇಳಿದಾಗ ಗದರಿಸುವ ಮೊದಲು ಕಾರಣವನ್ನು ಕೇಳಿರಿ.
• ಮಗು ಹೇಳಿದ್ದನ್ನು ನಂಬಿರಿ. ತಪ್ಪನ್ನು ಮಗುವಿನ ಮೇಲೆ ಹೊರಿಸಬೇಡಿರಿ.
• 72 ಗಂಟೆಗಳೊಳಗೆ ಆಸ್ಪತ್ರೆ, ತಡವಾದರೂ ಆಸ್ಪತ್ರೆಯೇ.
• ಬಾಲ್ಯವಿವಾಹ ಯಾವ ನೋವಿಗೂ ಪರಿಹಾರವಲ್ಲ.

ದಂಪತಿಗಳು ಕೂಡಿ ಚರ್ಚಿಸಲು ಪ್ರಶ್ನೆಗಳು

1. ನಿನ್ನೆ ನಿಮ್ಮ ಮಗ ಅಥವಾ ಮಗಳೊಡನೆ ಕೆಲಸದ ಮಾತನ್ನು ಬಿಟ್ಟು ಬೇರೆ ಏನು ಮಾತಾಡಿದಿರಿ?
2. ನಿಮ್ಮ ಮಗುವಿಗೆ ಕಷ್ಟ ಬಂದರೆ ಮೊದಲು ಯಾರಿಗೆ ಹೇಳೀತು? ಆ ಸ್ಥಾನದಲ್ಲಿ ನೀವಿದ್ದೀರಾ?
3. ಹಬ್ಬದ ದಿನ ಮೆಲಿಂಡಾಳ ಕಣ್ಣು ತುಂಬಿದಾಗ ನೀವು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ?

ಕಥೆಯ ಕೊನೆಯ ಭಾಗದಲ್ಲಿ, ವಸಂತ ಕಾಲ ಬಂದಾಗ ಮೆಲಿಂಡಾ ಮನೆಯ ಮುಂದೆ ಕೊಳೆತು ಬಿದ್ದಿದ್ದ ತರಗೆಲೆಗಳನ್ನು ಗೋರಿ ತೆಗೆಯುತ್ತಾಳೆ. ಅಡಿಯಲ್ಲಿ ಎಳೆಯ ಹಸಿರು ಮೊಳಕೆಗಳಿದ್ದವು. ಬೆಳಕಿಲ್ಲದೆ ಸೊರಗಿದ್ದವೇ ಹೊರತು ಸತ್ತಿರಲಿಲ್ಲ. ನಿಮ್ಮ ಮನೆಯ ಮೌನದ ಅಡಿಯಲ್ಲಿಯೂ ಅಂಥ ಮೊಳಕೆಯಿರಬಹುದು. ಇಂದು ರಾತ್ರಿ ಊಟವಾದ ಮೇಲೆ ಸ್ವಲ್ಪ ಹೊತ್ತು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿರಿ.